ಜರಿಗಿಡಗಳಿಗೆ ಯಾವ ನೀರು

ನರ್ಸರಿಗೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಹೋದ ತಿಂಗಳು ಬಾಗಲಗುಂಟೆಯ ನಮ್ಮ ಮನೆಗೆ ಬಂದಿದ್ದರು. "ಅಕ್ಕ, ನಿಮಗೆ ಗೊತ್ತಿರೋದನ್ನ ಒಂದ್ಕಡೆ ಬರ್ದಿಡಿ, ನಮಗೆ ಅನುಕೂಲ ಆಗುತ್ತೆ" ಎಂದರು. ಅವರು ಕೇಳಿದ್ದು ಮಣ್ಣಿನ ಮಿಶ್ರಣ, ಗೊಬ್ಬರದ ಅಳತೆ, ಯಾವ ಜರಿಗಿಡಕ್ಕೆ ಎಷ್ಟು ನೆರಳು ಅನ್ನುವಂಥದ್ದು. ಅದೆಲ್ಲ ಈಗ ಫೋನಿನಲ್ಲೇ ಸಿಗುತ್ತದೆ, ನನಗಿಂತ ಚೆನ್ನಾಗಿ ಸಿಗುತ್ತದೆ. ಇಪ್ಪತ್ತೆರಡು ವರ್ಷ ಜನರ ಮನೆಗಳಲ್ಲಿ ಜರಿಗಿಡ, ಹಾವಸೆ, ಹೆಸರೇ ಗೊತ್ತಿಲ್ಲದ ಅಪರೂಪದ ಗಿಡಗಳನ್ನು ನೋಡಿಕೊಂಡ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಹೆದರಿಕೆಯೇ ಇತ್ತು. ಅದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಗುಲಾಬಿಗೆ ನೀರು ಕಡಿಮೆಯಾದರೆ ಎರಡು ದಿನದಲ್ಲಿ ತಲೆ ಬಾಗಿಸಿ ಹೇಳುತ್ತದೆ. ಜರಿಗಿಡ ಹಾಗಲ್ಲ. ಅದರ ಎಲೆಯ ತುದಿ ಕಂದಾಗಿ ಕಾಣುವ ಹೊತ್ತಿಗೆ ತಪ್ಪು ನಡೆದು ಎಷ್ಟೋ ವಾರ ಆಗಿರುತ್ತದೆ. ಆ ವಾರಗಳಲ್ಲಿ ನಾವು ಏನು ಮಾಡಿದೆವು, ಬೇರೆಯವರು ಏನು ಮಾಡಿದರು ಎಂದು ಹಿಂದಕ್ಕೆ ಹೋಗಿ ಹುಡುಕಬೇಕು. ಫೋನ್ ಬಂದು, "ಗಿರಿಜಮ್ಮ, ಗಿಡ ಯಾಕೋ ಸರಿ ಇಲ್ಲ" ಅಂತ ಒಂದು ಮಾತು ಕೇಳಿದರೆ ಹಿಂದಿನ ವಾರಗಳನ್ನು ಒಂದೊಂದಾಗಿ ಬೆರಳ ಮೇಲೆ ಎಣಿಸತೊಡಗುತ್ತಿದ್ದೆ. ಕೆಲಸ ಬಿಟ್ಟು ಒಂದು ವರ್ಷವಾಯಿತು, ಈಗಲೂ ಫೋನ್ ಬಂದರೆ ಮೊದಲು ಮಾಡುವುದು ಅದೇ.

ನಮ್ಮದು ರಾಣೆಬೆನ್ನೂರಿನ ಕಡೆ. ಯಜಮಾನರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನು ಮನೆ ಹತ್ತಿರದ ನರ್ಸರಿಗೆ ಸೇರಿದೆ. ಯಜಮಾನಿಕೆ ನಂಜುಂಡಯ್ಯನವರದು. ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ, ಆದರೆ ಅವರು ಕುಂಡದ ಮಣ್ಣಿಗೆ ಬೆರಳು ಚುಚ್ಚಿ ಸುಮ್ಮನೆ ನಮ್ಮ ಮುಖ ನೋಡಿದರೆ ಸಾಕು, ಓಡಿ ಹೋಗಿ ನೀರಿನ ಕ್ಯಾನ್ ತರುತ್ತಿದ್ದೆವು.

ಸೇರಿದ ಎರಡನೇ ವಾರ ಶೇಡ್ ನೆಟ್ ಕೆಳಗೆ ಒಂದು ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಮಣ್ಣಿನ ಕುಂಡಗಳು ಪೂರಾ ಪಾಚಿಗಟ್ಟಿದ್ದು ಕಂಡಿತು. ಹೊಸಬಳಾದರೂ ಚುರುಕು ಅಂತ ತೋರಿಸಿಕೊಳ್ಳುವ ಹುರುಪಿನಲ್ಲಿ ತೆಂಗಿನ ನಾರು ಹಿಡಿದು ಉಜ್ಜಿ ಉಜ್ಜಿ ಹನ್ನೆರಡು ಕುಂಡಗಳನ್ನು ಹೊಸದರಂತೆ ಮಾಡಿಬಿಟ್ಟೆ. ನಂಜುಂಡಯ್ಯನವರು ಬಂದು ನೋಡಿದರು. ಒಬ್ಬ ಗಿರಾಕಿಗೆ ಹಾವಸೆ ಹೊದ್ದ ಕುಂಡಗಳೇ ಬೇಕೆಂದು ಅವರು ಒಂದು ಮಳೆಗಾಲದಿಂದ ಅದನ್ನು ಬೆಳೆಸುತ್ತಿದ್ದರಂತೆ.

"ತೊಳೆದ್ಬಿಟ್ಟೇನಮ್ಮ?" ಎಂದರು.

"ಗಲೀಜಾಗಿತ್ತು ಅಂತ..."

"ಸರಿ. ಈಗ ನೀನೇ ಬೆಳಸು."

ಅಷ್ಟೇ. ಬೆಳೆಸಿದೆ. ಜನ ಹೇಳುವ ಹಾಗೆ ಮಜ್ಜಿಗೆ ಬಳಿದು ನೋಡಿದೆ, ಬೂಸ್ಟು ಹಿಡಿದು ನಾತ ಬಂತು. ಕೊನೆಗೆ ಹಾವಸೆ ನೆಲೆ ನಿಂತದ್ದು ಮಳೆನೀರು, ನೆರಳು ಮತ್ತು ದಿನಕ್ಕೊಮ್ಮೆ ಅಂಗೈಯಿಂದ ಮೆಲ್ಲಗೆ ಒತ್ತುವುದು, ಈ ಮೂರರಿಂದ. ಪ್ರತಿ ದಿನ ಬೆಳಿಗ್ಗೆ ಹೋಗಿ ಮೊದಲು ಆ ಕುಂಡಗಳನ್ನೇ ನೋಡುತ್ತಿದ್ದೆ. ಹಸಿರು ಹಿಂದಿನ ದಿನಕ್ಕಿಂತ ಕಡಿಮೆ ಆಗಿದೆ ಅನ್ನಿಸಿದರೆ ಆ ದಿನದ ಊಟ ಸೇರುತ್ತಿರಲಿಲ್ಲ.

ಆಗೆಲ್ಲ ಹಾವಸೆಯೂ ಜರಿಗಿಡವೂ ಕಾಡಿನಿಂದ ಗೋಣಿಚೀಲದಲ್ಲಿ ಬರುತ್ತಿದ್ದವು. ಯಾರೋ ತರುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಒಂದು ಸಲ ಚೀಲ ಬಿಚ್ಚಿದಾಗ ಒಣಗಿದ ಹಾವಸೆಯ ನಡುವೆ ಉಗುರಿನಷ್ಟು ಕಪ್ಪೆಗಳು ಸತ್ತಿದ್ದವು. ನಂಜುಂಡಯ್ಯನವರು ಅದನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಚೀಲದವನಿಗೆ ಬರಬೇಡ ಎಂದರು. ಅಂದಿನಿಂದ ನಾವು ಜರಿಗಿಡವನ್ನು ಎಲೆಯಡಿಯ ಕಂದು ಪುಡಿಯಿಂದಲೇ ಎಬ್ಬಿಸಲು ಕಲಿತೆವು, ಜರಿಗೆ ಬೀಜದ ಬದಲು ಇರುವುದು ಅದೇ. ಬಿತ್ತಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಏನೂ ಕಾಣದು. ಆಮೇಲೆ ಹಸಿರು ಪೊರೆ, ಅದಾದ ಎಷ್ಟೋ ದಿನಕ್ಕೆ ಸಾಸಿವೆಯಷ್ಟು ಎಲೆ. ಆ ಕಂದು ಪುಡಿಯದೇ ಒಂದು ಕಥೆ ಇದೆ. ದಾಸರಹಳ್ಳಿಯ ಒಬ್ಬ ಗಿರಾಕಿ ಎಲೆಯಡಿ ಸಾಲು ಸಾಲಾಗಿ ಚುಕ್ಕೆ ಕಂಡು ಹುಳ ಎಂದುಕೊಂಡು ಸೋಪಿನ ನೀರಲ್ಲಿ ಒಂದೊಂದೇ ಎಲೆ ಒರೆಸಿ, "ಎಲ್ಲಾ ತೆಗ್ದ್ಬಿಟ್ಟೆ ಅಕ್ಕ, ಇನ್ನೇನೂ ಯೋಚನೆ ಇಲ್ಲ" ಎಂದು ಖುಷಿಯಾಗಿ ಫೋನ್ ಮಾಡಿದರು. ಗಿಡ ಉಳಿಯಿತು. ಅಲ್ಲಿಂದ ಮುಂದೆ ಗಿಡ ಕೊಡುವಾಗ ಎಲೆ ಮಗುಚಿ ತೋರಿಸಿಯೇ ಕೊಡುತ್ತಿದ್ದೆ.

ಐಟಿ ಕಂಪನಿಗಳ ಕಡೆ ಒಂಟಿ ಮನೆಗಳ ಬಡಾವಣೆಗಳು ಎದ್ದ ಮೇಲೆ ನರ್ಸರಿಯಿಂದ ಗಿಡ ಮಾರಿದರೆ ಸಾಲದೆ, ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವ ಕೆಲಸ ಶುರುವಾಯಿತು. ವೈಟ್‌ಫೀಲ್ಡಿನ ಒಂದು ಬಡಾವಣೆ ನನ್ನ ಪಾಲಿಗೆ ಬಂತು. ಮೊದಲು ಎರಡು ಬಸ್ಸು ಬದಲಿಸಿ, ಆಮೇಲೆ ಮೆಟ್ರೋ ಬಂದ ಮೇಲೆ ಅದರಲ್ಲಿ, ಗುರುವಾರ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಹನ್ನೊಂದು ಮನೆ. ಅದರಲ್ಲಿ ಮೊದಲನೆಯದು ಸುಮಂಗಲಾ ಮೇಡಂ ಅವರದು, ಉಳಿದ ಹತ್ತೂ ಅವರ ಮಾತಿನ ಮೇಲೆ ಬಂದವು.

ಸುಮಂಗಲಾ ಮೇಡಂ ದಾವಣಗೆರೆಯವರು, ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಂಡಿನೋವಿನಿಂದ ಹೆಚ್ಚು ಓಡಾಡುತ್ತಿರಲಿಲ್ಲ. ಅವರ ಮನೆಗೂ ಕಾಂಪೌಂಡಿಗೂ ನಡುವೆ ಉತ್ತರ ದಿಕ್ಕಿಗೆ ಬಿಸಿಲೇ ಬೀಳದ ಒಂದು ಸಣ್ಣ ಓಣಿಯಂಥ ಜಾಗ ಇತ್ತು. ಯಾರಾದರೂ ಹಳೇ ಸಾಮಾನು ತುಂಬುವ ಜಾಗ. ಮೇಡಂ ಅದನ್ನು ಜರಿಗಿಡಗಳಿಂದ ತುಂಬಿಸಿದ್ದರು. ಕಪ್ಪು ದಾರದಂಥ ಕಡ್ಡಿಯ ಮೇಲೆ ಸಣ್ಣ ಸಣ್ಣ ಎಲೆ ತೂಗುವ ನಾಜೂಕಿನ ಜರಿಗಳು, ಗೋಡೆಯ ಹಲಗೆಗೆ ಕಟ್ಟಿದ ಜಿಂಕೆಕೊಂಬಿನಂಥ ಜರಿ, ಹಾವಸೆ ಹೊದ್ದ ಒಂದು ಸಾಲು ಕಲ್ಲು, ಹುಳ ಹಿಡಿಯುವ ಒಂದು ಹೂಜಿಗಿಡ. ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತಿದ್ದರು. "ನೋಡ್ರಿ ಗಿರಿಜಾ, ಹೂವು ಬಿಡದೇ ಇರೋ ಗಿಡಕ್ಕ ಯಾರೂ ಅವಸರ ಮಾಡೂದಿಲ್ಲ" ಎನ್ನುತ್ತಿದ್ದರು.

ವಾರದ ಉಳಿದ ದಿನ ನೀರು ಹಾಕುತ್ತಿದ್ದವಳು ರತ್ನಮ್ಮ, ಮನೆಗೆಲಸದವಳು. ಹತ್ತಿರದ ಹಳ್ಳಿಯೊಂದರಲ್ಲಿ ಬಾಡಿಗೆಗಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಆ ಬಡಾವಣೆಯಲ್ಲೇ ಮೂರು ಮನೆಗಳಲ್ಲಿ ದುಡಿಯುತ್ತಿದ್ದಳು. ಮಾತು ಕಡಿಮೆ, ಕೈ ಚುರುಕು.

ಒಂದು ಬೇಸಿಗೆಯಲ್ಲಿ ಹೂಜಿಗಿಡ ಕಪ್ಪಾಗಿ ಸತ್ತಿತು. ಬಿಸಿಲು ಜೋರು, ಹೋಗಲಿ ಎಂದುಕೊಂಡೆ. ಆಮೇಲೆ ಹಾವಸೆ ಹಳದಿಗಟ್ಟಿತು. ಮಳೆಗಾಲ ಬಂದರೂ ಸೂರಿನ ಕೆಳಗಿನ ಆ ಜಾಗಕ್ಕೆ ಮಳೆ ಬೀಳುತ್ತಿರಲಿಲ್ಲ, ನಾಜೂಕಿನ ಜರಿಗಳ ಅಂಚು ಸುಟ್ಟ ಕಾಗದದಂತಾಯಿತು. ಮಣ್ಣು ಮುಟ್ಟಿ ನೋಡಿದೆ, ತೇವ ಸರಿಯಾಗಿತ್ತು. ರತ್ನಮ್ಮನನ್ನು ಕೇಳಿದೆ.

"ನೀರು ಜಾಸ್ತಿ ಹಾಕ್ತಿದ್ದೀಯೇನು?"

"ನೀವ್ ಯೋಳ್ದಂಗೇ ಆಕ್ತಿವ್ನಿ ಕಣಕ್ಕ. ಒಂದ್ ಮಗ್ಗೂ ಜಾಸ್ತಿ ಆಕಿಲ್ಲ." ಆಮೇಲೆ ಬಕೆಟ್ ಎತ್ತುತ್ತಾ, "ಈಗ ಈ ನಲ್ಲೀಲಿ ನೀರೇ ಬ್ಯಾರೆ ತರ ಬತ್ತೈತೆ. ಕೈಗೆ ಜಾರ್ತೈತೆ, ಸೋಪು ಬುಡೋದೇ ಇಲ್ಲ" ಎಂದಳು.

ಆ ಮಾತನ್ನು ನಾನು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಮಾತು ತಿರುಗಿಸುತ್ತಿದ್ದಾಳೆ ಅನ್ನಿಸಿತು.

ಮುಂದಿನ ವಾರಗಳು ಕೆಟ್ಟದಾಗಿ ಹೋದವು. ಮೆಟ್ರೋದಲ್ಲಿ ಕೂತು ಈ ವಾರ ಎಷ್ಟು ಕುಂಡ ಹೋಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಮೇಡಂ ಬೈಯಲಿಲ್ಲ, ಕುರ್ಚಿಯಲ್ಲಿ ಕೂತು ನಾನು ಸತ್ತ ಎಲೆ ಕತ್ತರಿಸುವುದನ್ನೇ ನೋಡುತ್ತಿದ್ದರು. ಪಕ್ಕದ ಮನೆಯವರು ಒಂದು ದಿನ ಗೇಟಿನಲ್ಲಿ, "ಆಂಟಿ ಮನೆ ಫರ್ನ್ಸ್ ಎಲ್ಲಾ ಹೋಗ್ತಿದೆಯಂತೆ? ನಮ್ಮನೇಲೂ ಸ್ವಲ್ಪ ನೋಡ್ಕೊಳ್ಳಿ" ಎಂದರು. ಈ ಮನೆ ಹೋದರೆ ಹನ್ನೊಂದೂ ಹೋದ ಹಾಗೆ ಅಂತ ನನಗೆ ಗೊತ್ತಿತ್ತು.

ನನಗೆ ಗೊತ್ತಿದ್ದ ಇನ್ನೊಂದು ವಿಷಯ, ನೀರು ಹೆಚ್ಚಾದರೆ ಹಾವಸೆ ಸಾಯುವುದಿಲ್ಲ ಅನ್ನುವುದು. ಹಾಗಾದರೆ ನೀರಿನಲ್ಲಿ ಏನೋ ಇದೆ. ಅಲ್ಲಿಯವರೆಗೂ ನನ್ನ ಯೋಚನೆ ಸರಿಯಾಗಿಯೇ ಇತ್ತು. ಒಂದು ಗುರುವಾರ ಕುಂಡಗಳ ಅಂಚಿಗೆ ಬಿಳೀ ಪುಡಿ ಕಟ್ಟಿದ್ದು ಕಂಡಿತು. ಅದೇ ಹೊತ್ತಿಗೆ ರತ್ನಮ್ಮ ನೆಲ ಒರೆಸಿದ ಬಕೆಟ್ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಬಂದಳು. ಫಿನಾಯಿಲ್ ವಾಸನೆ ಬಂತು. ಅವಳು ಅದನ್ನು ಮೋರಿಗೆ ಸುರಿದದ್ದನ್ನೂ ನೋಡಿದೆ. ಆದರೂ ಒಳಗೆ ಹೋಗಿ ಹೇಳಿಬಿಟ್ಟೆ.

"ಮೇಡಂ, ನೆಲ ಒರೆಸಿದ ನೀರನ್ನ ಗಿಡಕ್ಕೆ ಹಾಕ್ತಿರಬಹುದೇನೋ."

'ಇರಬಹುದೇನೋ' ಎಂದೆ. ಆ ಒಂದು ಪದದ ಹಿಂದೆ ನಾನು ಎಷ್ಟೋ ದಿನ ಅವಿತುಕೊಂಡೆ, ನಾನು ಖಚಿತವಾಗಿ ಹೇಳಲಿಲ್ಲವಲ್ಲ ಎಂದು. ಆದರೆ ಹೇಳುವಾಗ ನನಗೆ ಆದದ್ದು ನಿರಾಳ. ತಪ್ಪು ನನ್ನದಲ್ಲ ಅನ್ನುವ ನಿರಾಳ.

ಮುಂದಿನ ಗುರುವಾರ ಹೋದಾಗ ರತ್ನಮ್ಮ ಇರಲಿಲ್ಲ. "ತಗದುಬಿಟ್ಟೆ" ಎಂದರು ಮೇಡಂ. "ಕೇಳಿದ್ರೆ ಇಲ್ಲ ಅಂತಾಳ, ಅಳ್ತಾಳ. ತಪ್ಪು ಒಪ್ಪಿಕೊಂಡಿದ್ರೆ ಇಟ್ಕೋತಿದ್ದೆ."

ಹೊಸಬಳು ಬಂದಳು. ಅವಳಿಗೆ ನಾನೇ ಮಗ್ಗಿನ ಅಳತೆ ತೋರಿಸಿದೆ. ಗಿಡಗಳು ಸಾಯುತ್ತಲೇ ಹೋದವು.

ಅದಾಗಿ ಒಂದೂವರೆ ತಿಂಗಳು ನಾನು ಈ ವಿಷಯವನ್ನು ಯಾರ ಹತ್ತಿರವೂ ಎತ್ತಲಿಲ್ಲ. ಹೊಸಬಳೂ ಅದೇ ತಪ್ಪು ಮಾಡುತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಗುರುವಾರ ಮೇಡಂ ಮನೆಯ ಹಿಂಭಾಗದಲ್ಲಿ ಒಬ್ಬ ಪ್ಲಂಬರ್ ಎರಡು ದೊಡ್ಡ ಚೀಲ ಇಳಿಸುತ್ತಿದ್ದ. ಏನು ಎಂದು ಕೇಳಿದೆ.

"ಉಪ್ಪು ಅಕ್ಕ. ಸಾಫ್ಟನರ್‌ಗೆ. ಬೋರ್ ನೀರು ಗಡುಸಲ್ವಾ, ಇದ್ರಲ್ಲಿ ಹಾದು ಬಂದ್ರೆ ನಲ್ಲಿ, ಗೀಸರ್ ಕಟ್ಕೊಳ್ಳಲ್ಲ."

"ಆ ಉಪ್ಪಿನ ನೀರು ಯಾವ ನಲ್ಲಿಗೆ ಹೋಗುತ್ತೆ?"

"ಎಲ್ಲಾದಕ್ಕೂ. ಗಾರ್ಡನ್ ನಲ್ಲಿ ಮೊದ್ಲು ಬೇರೆ ಇತ್ತು, ನೇರ ಬೋರಿಂದು. ಬೇಸಿಗೆಗೆ ಮುಂಚೆ ಪೈಪ್ ಒಡೆದೋಯ್ತಲ್ಲ, ಆಗ ಮೇನ್ ಲೈನ್‌ಗೇ ಸೇರಿಸ್ಬಿಟ್ವಿ."

ನಾನು ಹೋಗಿ ಓಣಿಯ ನಲ್ಲಿ ತಿರುಗಿಸಿ ಕೈ ಒಡ್ಡಿದೆ. ನೀರು ಬೆರಳ ಸಂದಿನಲ್ಲಿ ಜಾರಿತು. ಸೋಪು ತೊಳೆಯದೇ ಬಿಟ್ಟ ಹಾಗೆ. ರತ್ನಮ್ಮ ಮಳೆಗಾಲದ ಶುರುವಿನಲ್ಲೇ ನನಗೆ ಹೇಳಿದ್ದಳು.

ಅಲ್ಲೇ ಒಳಗೆ ಹೋಗಿ ಮೇಡಂಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಖಾತ್ರಿ ಮಾಡಿಕೊಳ್ಳೋಣ ಎಂದು ಎರಡು ಜರಿಕುಂಡ ಮನೆಗೆ ತಂದು, ಒಂದಕ್ಕೆ ಕ್ಯಾನಿನಲ್ಲಿ ತುಂಬಿ ತಂದ ಆ ನಲ್ಲಿಯ ನೀರು, ಇನ್ನೊಂದಕ್ಕೆ ತಾರಸಿಯಿಂದ ಹಿಡಿದ ಮಳೆನೀರು ಹಾಕುತ್ತಾ ಮೂರು ವಾರ ಕಳೆದೆ. ಓದುವವರಿಗೆ ಇದು ಜಾಗರೂಕತೆ ಅನ್ನಿಸಬಹುದು. ಮೊದಲ ದಿನವೇ ನನಗೆ ಉತ್ತರ ಗೊತ್ತಿತ್ತು. ಮಳೆನೀರಿನ ಕುಂಡದಲ್ಲಿ ಸುರುಳಿ ಚಿಗುರು ಎದ್ದಾಗ ಖುಷಿಯಾಗಲಿಲ್ಲ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಅನ್ನಿಸಿತು.

ನಂಜುಂಡಯ್ಯನವರು ಆ ಹೊತ್ತಿಗೆ ನರ್ಸರಿಯನ್ನು ಮಗಳಿಗೆ ವಹಿಸಿ, ಬೆಳಿಗ್ಗೆ ಒಂದು ಗಂಟೆ ಬಂದು ಕೂತು ಹೋಗುತ್ತಿದ್ದರು. ಅವರ ಮುಂದೆ ಎರಡೂ ಕುಂಡ ಇಟ್ಟು ಎಲ್ಲವನ್ನೂ ಹೇಳಿದೆ. ಆ ಓಣಿಗೆ ಮಳೆನೀರಿನ ಡ್ರಮ್ ಇಡಿಸಿದರೆ ಸಾಕು, ಎಷ್ಟು ಕುಂಡ ಉಳಿಯುತ್ತವೆ ಎಂದೆಲ್ಲ ಹೇಳಹೊರಟೆ. ಅವರು ಕೈಯೆತ್ತಿ ತಡೆದರು.

"ಗಿಡದ ಮಾತು ಆಮೇಲಾಡು. ಆ ಹೆಂಗಸು ಈಗ ಎಲ್ಲಿದ್ದಾಳೆ?"

ನನಗೆ ಗೊತ್ತಿರಲಿಲ್ಲ.

"ಗೊತ್ತು ಮಾಡ್ಕೊಂಡು ಹೋಗು. ಆ ಮೇಡಂಗೆ ಇವತ್ತೇ ಹೇಳು."

ಅವತ್ತು ಗುರುವಾರವಲ್ಲ. ಆದರೂ ಹೋದೆ. ಮೇಡಂ ಕುರ್ಚಿಯಲ್ಲಿ ಕೂತೇ ಕೇಳಿಸಿಕೊಂಡರು. ನಾನು ಸಾಫ್ಟನರ್ ಬಗ್ಗೆ ಹೇಳುವಾಗ ಕುಂಡಗಳ ಕಡೆಗೇ ನೋಡುತ್ತಿದ್ದರು. ರತ್ನಮ್ಮ ಬಕೆಟ್ ನೀರನ್ನು ಮೋರಿಗೆ ಸುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ ಎಂದಾಗ ತಲೆ ಎತ್ತಿದರು.

"ನೋಡಿದ್ರಿ?"

"ನೋಡಿದ್ದೆ ಮೇಡಂ."

"ನೋಡಿ ನನಗ ಹಂಗ ಹೇಳಿದ್ರಿ." ಒಣಗಿದ ಸಾಲಿನ ಕಡೆ ತಿರುಗಿ, "ನಾನೂ ಒಂದ್ ಮಾತು ವಿಚಾರ ಮಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಾಧಿಸಿ ತೋರಿಸ್ರಿ ಅಂತ ಹೇಳಿದಾಕಿ" ಎಂದರು.

ರತ್ನಮ್ಮನ ವಿಳಾಸ ಗೇಟಿನ ಕಾವಲುಗಾರರಿಂದ ಸಿಕ್ಕಿತು. ಭಾನುವಾರ ಮಧ್ಯಾಹ್ನ ಹುಡುಕಿಕೊಂಡು ಹೋದೆ. ಸರ್ಜಾಪುರದ ರಸ್ತೆಯಿಂದ ಒಳಗೆ, ಹಳೇ ಊರಿನ ಗೌಡರು ಬಾಡಿಗೆಗೆ ಕಟ್ಟಿಸಿದ ಸಾಲು ಮನೆಗಳಲ್ಲಿ ಒಂದು. ಅವಳು ಬಾಗಿಲ ಪಕ್ಕದ ನಲ್ಲಿಯ ಹತ್ತಿರ ಕೂತು ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಸೆರಗಿಗೆ ಕೈ ಒರೆಸಿಕೊಂಡಳು. ಪಾದಗಳು ಊದಿದ್ದವು. ಒಂದು ಕಂಪನಿಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರಬೇಕು ಎಂದು ಆಮೇಲೆ ತಿಳಿಯಿತು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ತಪ್ಪು ನಂದು ರತ್ನಮ್ಮ. ನೀರಲ್ಲಿ ಉಪ್ಪಿತ್ತು. ನೀನು ಹೇಳಿದ್ದೆ, ನಾನು ಕೇಳ್ಲಿಲ್ಲ. ನೀನು ಮಾಡಿಲ್ಲ ಅಂತ ಗೊತ್ತಿದ್ದೂ ನಿನ್ನ ಮೇಲೆ ಹಾಕ್ದೆ" ಎಂದೆ.

ಅವಳು ನಲ್ಲಿ ನಿಲ್ಲಿಸಿದಳು.

"ಮೂರು ಮನೇಲೂ ಬುಡ್ಸುದ್ರು ಅಕ್ಕ. ಅದ್ಯಾವ್ದೋ ವಾಟ್ಸಾಪ್ ಗ್ರೂಪ್ನಾಗೆ ಆಕ್ಬುಟ್ಟಿದ್ರಂತೆ, ಇವ್ಳು ಇಂಗಿಂಗೆ ಅಂತ. ಮಾರ್ನೇ ದಿನ ಗೇಟ್ನಾಗೇ ನಿಲ್ಸುದ್ರು, ಒಳೀಕ್ ಬುಡ್ಲಿಲ್ಲ. ಆ ಸೆಕ್ಯೂರಿಟಿಯೋರಿಗೆ ದಿನಾ ಕಾಫಿ ತಂದ್ಕೊಡೋಳು ನಾನೇ."

"ಮೇಡಂ ಮತ್ತೆ ಕರೀತಾರೆ. ನಾನು ಮಾತಾಡ್ತೀನಿ."

"ಕರೆಯೋದ್ ಬ್ಯಾಡ." ಅವಳ ದನಿ ಏರಲಿಲ್ಲ. "ನೀವಿಲ್ಲಿಗೆ ಬಂದು ನನ್ ಒಬ್ಬುಳ್ ತಾವ ಯೋಳುದ್ರೆ ಏನ್ ಬಂತು? ನಂಗೆ ಮೊದ್ಲೇ ಗೊತ್ತಿತ್ತಲ್ಲ ನಾನ್ ಮಾಡಿಲ್ಲ ಅಂತ. ಎಲ್ಲಿ ಆಕುದ್ರೋ ಅಲ್ಲೇ ಬರ್ಸಿ. ನೀವೇ ಮಾಡಿದ್ದು ಅಂತ ಬರ್ಸಿ."

ಹೂಂ ಎಂದೆ. ಅವಳು ಕೂರಲು ಹೇಳಲಿಲ್ಲ, ನೀರು ಕೊಡಲಿಲ್ಲ. ನಾನೂ ನಿಲ್ಲದೆ ಬಂದೆ.

ಗ್ರೂಪಿನಲ್ಲೇ ಬರೆಯಬೇಕು ಎಂದು ಹೋಗಿ ಕೇಳಿದಾಗ ಮೇಡಂ ಮೊದಲು ಹಿಂಜರಿದರು. ನಿಮ್ಮ ಹೆಸರು ಯಾಕೆ, ಪೈಪಿನ ತೊಂದರೆ ಅಂತ ಬರೆದರೆ ಸಾಕಲ್ಲ ಎಂದರು. ಅದು ನನ್ನನ್ನು ಉಳಿಸುವ ಮಾತು ಅಂತ ನನಗೆ ಗೊತ್ತಿತ್ತು. ಒಂದು ಗಳಿಗೆ ಮನಸ್ಸು ಅತ್ತ ವಾಲಿದ್ದೂ ನಿಜ. ಆಮೇಲೆ ನಾನೇ ಹೇಳುತ್ತಾ ಹೋದೆ, ಅವರು ಟೈಪ್ ಮಾಡಿದರು. ಗಿಡಗಳು ಸತ್ತದ್ದು ಸಾಫ್ಟನರ್ ನೀರಿನಿಂದ, ರತ್ನಮ್ಮ ಏನೂ ಮಾಡಿರಲಿಲ್ಲ, ತಪ್ಪು ಮಾಹಿತಿ ಕೊಟ್ಟವಳು ಗಿಡ ನೋಡಿಕೊಳ್ಳುವ ಗಿರಿಜಾ ಎಂದು. 'ವಿಚಾರಿಸದೆ ನಂಬಿದವಳು ನಾನು, ಸುಮಂಗಲಾ' ಎಂಬ ಕೊನೆಯ ಸಾಲನ್ನು ಮೇಡಂ ತಾವೇ ಸೇರಿಸಿದರು. ನನಗೊಮ್ಮೆ ಗಟ್ಟಿಯಾಗಿ ಓದಿ ಹೇಳಿ, ಕಳಿಸುವ ಗುಂಡಿ ಒತ್ತಿದರು.

ಮರುದಿನವೇ ನಾಲ್ಕು ಮನೆಯವರು ಇನ್ನು ಬರುವುದು ಬೇಡ ಎಂದರು. ಒಬ್ಬರು ಫೋನಿನಲ್ಲಿ ಹಗುರವಾಗಿ ಮಾತಾಡಿದರು. ನಂಜುಂಡಯ್ಯನವರ ಮಗಳು ಬೇಸರ ಮಾಡಿಕೊಂಡಳು, ನರ್ಸರಿಯ ಹೆಸರು ಹೋಯಿತು ಎಂದು. ಹೋದದ್ದು ಹೌದು. ಆ ನಾಲ್ಕು ಮನೆಗಳಲ್ಲಿ ಎರಡು ವರ್ಷದ ಮೇಲೆ ವಾಪಸು ಬಂದವು, ಇನ್ನೆರಡು ಮನೆಯವರು ನಾನು ಕೆಲಸ ಬಿಡುವ ಹೊತ್ತಿಗೆ ಬೇರೆ ಕಡೆ ಹೋಗಿದ್ದರು, ಆ ಮನೆಗಳಿಗೆ ಹೊಸದಾಗಿ ಬಂದವರು ಮತ್ತೆ ನನ್ನನ್ನೇ ಕರೆದರು.

ಸುಮಂಗಲಾ ಮೇಡಂ ಅವರ ಓಣಿಯಲ್ಲಿ ಹಾವಸೆ ಪೂರಾ ಹೋಗಿತ್ತು. ಅರ್ಧದಷ್ಟು ಜರಿ ಉಳಿದವು. ಮಣ್ಣು ಬದಲಿಸಿ, ಬೇರು ಮಳೆನೀರಲ್ಲಿ ತೊಳೆದು, ಹೊಸ ಕುಂಡಕ್ಕೆ ಹಾಕಿದೆವು. ತಾರಸಿಯ ನೀರು ಬೀಳುವಲ್ಲಿ ಡ್ರಮ್ ಇಡಿಸಿದೆವು. ಮಳೆನೀರು ಮುಗಿದ ತಿಂಗಳುಗಳಲ್ಲಿ ಬೋರಿನ ನೇರ ನೀರಿಗೆ ಬೇರೆ ನಲ್ಲಿ. ಗಡುಸು ನೀರೂ ಜರಿಗೆ ಅಷ್ಟು ಹಿತವಲ್ಲ, ಆದರೆ ಉಪ್ಪಿನಷ್ಟು ಕೇಡು ಮಾಡುವುದಿಲ್ಲ. ಈಗಿನ ಹುಡುಗಿಯರು ನೀರಿನ ಗಡುಸು ತೋರಿಸುವ ಕಾಗದದ ಪಟ್ಟಿ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಒಳ್ಳೆಯದು. ನಾವು ನಾಲ್ಕು ತಿಂಗಳು ಕಳೆದು ಕಂಡುಕೊಂಡದ್ದನ್ನು ಅದು ಒಂದು ನಿಮಿಷದಲ್ಲಿ ಹೇಳುತ್ತದೆ.

ರತ್ನಮ್ಮ ಮೇಡಂ ಮನೆಗೆ ಮತ್ತೆ ಬರಲಿಲ್ಲ. ಮೇಡಂ ಖುದ್ದು ಆಟೋ ಮಾಡಿಸಿಕೊಂಡು ಹೋಗಿ ಕರೆದರೂ ಬರಲಿಲ್ಲ. ಆದರೆ ಗೇಟು ತೆರೆಯಿತು. ಆರು ತಿಂಗಳ ನಂತರ ಕ್ಯಾಂಟೀನ್ ಬಿಟ್ಟು ಆ ಬಡಾವಣೆಯದೇ ಬೇರೆ ಮನೆಗಳಿಗೆ ಕೆಲಸಕ್ಕೆ ಬಂದಳು. ಗುರುವಾರಗಳಂದು ದಾರಿಯಲ್ಲಿ ಎದುರಾಗುತ್ತಿದ್ದಳು. ನಾನು ಮಾತಾಡಿಸಿದರೆ ಒಂದೆರಡು ಮಾತು, ಇಲ್ಲದಿದ್ದರೆ ಇಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಅವಳು ಕಂಡಾಗಲೆಲ್ಲ ಕಣ್ಣು ಅವಳ ಕಾಲಿನ ಕಡೆಗೇ ಹೋಗುತ್ತಿತ್ತು, ಊತ ಇಳಿದಿದೆಯೇ ಎಂದು.

ನನ್ನ ಕೊನೆಯ ಗುರುವಾರ ಎಲ್ಲ ಮನೆಗಳಿಗೂ ಹೇಳಿ ಗೇಟಿನ ಹತ್ತಿರ ಬಂದಾಗ ಅವಳೂ ಕೆಲಸ ಮುಗಿಸಿ ಹೊರಟಿದ್ದಳು. ಇವತ್ತಿಗೆ ಬಿಟ್ಟೆ, ಇನ್ನು ಬರುವುದಿಲ್ಲ ಎಂದೆ.

"ಅಂಗಾ" ಎಂದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. "ನಿಮ್ ಜಾಗಕ್ಕೆ ಯಾರ್ ಬತ್ತಾರೆ?"

"ಚೈತ್ರಾ ಅಂತ. ಹೊಸಬಳು."

"ಬಂದ್ ದಿನ ಮೊದ್ಲು ನನ್ ತಾವ ಬರಕ್ಕೇಳಿ. ಯಾವ್ ಮನೆ ನಲ್ಲೀಲಿ ಯಾವ್ ನೀರ್ ಬತ್ತೈತೆ ಅಂತ ನಾನ್ ಯೋಳ್ತೀನಿ."

ಮುಂದಿನ ಗುರುವಾರ ಚೈತ್ರಾ ಹೋದಳು. ಸಂಜೆ ಫೋನ್ ಮಾಡಿ ರತ್ನಮ್ಮ ಹೇಳಿ ಬರೆಸಿದ ಪಟ್ಟಿ ಓದಿದಳು, ಹನ್ನೊಂದು ಮನೆಗಳದ್ದು. ಅದರಲ್ಲಿ ಮೂರು ಮನೆಗಳ ವಿಷಯ ಅಷ್ಟು ವರ್ಷ ಹೋಗಿಬಂದ ನನಗೂ ಗೊತ್ತಿರಲಿಲ್ಲ.